ನಾಲ್ಕು ಡಾಲರ್ ಕಮ್ಮಿ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರ ಕೊನೆಯ ಕಂತು ಹಿಂದಿನ ಸಂಜೆ ಹೊರಟುಹೋಗಿತ್ತು. ಬೆಳಗ್ಗೆ ಏಳಕ್ಕೆ ಹಾಲಿನವನು ಬಂದ. ಏಳೂವರೆಗೆ ಕಸದ ಗಾಡಿ ಬಂತು. ಎಂಟಕ್ಕೆ ಗಂಡನ ಲ್ಯಾಪ್‌ಟಾಪ್ ಟಿಣ್ ಎಂದಿತು. ಸತ್ತವನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಕೆಲಸಕ್ಕೆ ಹಾಜರಾಗಿದ್ದರು.

ಅವಳು ಲ್ಯಾಪ್‌ಟಾಪ್ ತೆರೆದಳು. ‘ಅಭಿನಂದನೆಗಳು! ನಿಮ್ಮ ಮೊದಲ ಪಾವತಿಗೆ ಇನ್ನು ನಾಲ್ಕೇ ಡಾಲರ್ ಬಾಕಿ!’ ಎಂದು ಜಾಹೀರಾತಿನ ಕಂಪನಿ ಕುಣಿದಾಡುತ್ತಿತ್ತು.

ನಾಲ್ಕು ವರ್ಷದ ಹಿಂದೆ ಒಬ್ಬ ಪ್ಲಂಬರ್ ‘ನಾಳೆ ಬರ್ತೀನಿ’ ಎಂದು ಹನ್ನೊಂದು ದಿನ ಹೇಳಿದ್ದಕ್ಕೆ ಸಿಟ್ಟಾಗಿ ಅವಳ ಗಂಡ ‘ಪ್ಲಂಬರ್ ಬೇಡ’ ಎಂಬ ವೆಬ್‌ಸೈಟ್ ಶುರುಮಾಡಿದ್ದ. ನಲ್ಲಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಎಲ್ಲವನ್ನೂ ನೀವೇ ರಿಪೇರಿ ಮಾಡಿಕೊಳ್ಳುವುದು ಹೇಗೆಂದು ಅದರಲ್ಲಿ ಬರೆಯುತ್ತಿದ್ದ, ವಿಡಿಯೊ ಹಾಕುತ್ತಿದ್ದ. ಪಕ್ಕದಲ್ಲಿ ಜಾಹೀರಾತುಗಳು ಬರುತ್ತಿದ್ದವು. ನೋಡಿದವರು ಒತ್ತಿದರೆ ಇವನ ಖಾತೆಗೆ ಚಿಲ್ಲರೆ ಬೀಳುತ್ತಿತ್ತು. ನೂರು ಡಾಲರ್ ಮುಟ್ಟಿದ ಮೇಲಷ್ಟೇ ಕಂಪನಿ ಹಣ ಕಳಿಸುವುದು. ತೊಂಬತ್ತಾರಕ್ಕೆ ಬಂದಾಗ ಅವನ ಹೃದಯ ನಿಂತಿತು. ಅದರ ರಿಪೇರಿ ಬಗ್ಗೆ ಸೈಟಿನಲ್ಲಿ ಏನೂ ಇರಲಿಲ್ಲ.

ಮನೆಯಲ್ಲಿ ಅವನು ಮಾಡಿದ್ದ ನಿಯಮಗಳು ಎರಡೇ. ತನ್ನ ಸೈಟಿನ ಜಾಹೀರಾತನ್ನು ಮನೆಯವರು ಮುಟ್ಟಬಾರದು. ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿಲು ತೆಗೆಯಬಾರದು. ಎಂ.ಎ. ಓದಿದ್ದರೂ ಅವಳು ಎರಡಕ್ಕೂ ಕಾರಣ ಕೇಳಿರಲಿಲ್ಲ. ಮದುವೆಯಾಗಿ ಆರು ವರ್ಷವಾದ ಮೇಲೆ ಯಾರು ಕೇಳುತ್ತಾರೆ?

“ಏನಂತೆ ಅದು?” ಎಂದರು ಅತ್ತೆ.

“ನಾಲ್ಕು ಡಾಲರ್ ಕಮ್ಮಿಯಂತೆ ಅತ್ತೆ. ಆಮೇಲೆ ದುಡ್ಡು ಬರುತ್ತೆ.”

“ಇದ್ದಾಗ ಒಂದು ಕಾಸು ತರಲಿಲ್ಲ. ಹೋದ ಮೇಲೆ ತರ್ತಾನಂತೆ!”

ಅಂತ್ಯಕ್ರಿಯೆಯ ದಿನ ಯಾರೋ ನೆಂಟರು ‘ಪಾಪ, ಕೆಲಸವಿಲ್ಲದ ಹುಡುಗ’ ಎಂದಾಗಲೂ ಅತ್ತೆ ಹೌದೆಂದು ತಲೆಯಾಡಿಸಿದ್ದರು. ಅವಳಿಗೆ ಅಳು ಬಂದಿರಲಿಲ್ಲ, ಈವರೆಗೂ ಬಂದಿಲ್ಲ. ಆದರೆ ಆ ತಲೆಯಾಡಿಸಿದ್ದು ಮಾತ್ರ ಹಲ್ಲಿನ ಸಂದಿಯ ನಾರಿನಂತೆ ಕೂತಿತ್ತು. ಒಂದೇ ಒಂದು ಸಲ ಆ ಹಣ ಬರಬೇಕು, ಅದರ ರಸೀದಿಯನ್ನು ಅತ್ತೆಯ ಮುಂದಿಡಬೇಕು. ಇನ್ನೇನೂ ಬೇಡ.

ಈ ಮಾತನ್ನು ಅವಳು, ಊಟ ಕಳಿಸಿದ್ದ ಡಬ್ಬಿ ವಾಪಸ್ ತೆಗೆದುಕೊಳ್ಳಲು ಬಂದ ಮೂರನೇ ಮಹಡಿಯ ಟೀಚರಿಗೆ ಹೇಳಿಬಿಟ್ಟಳು. ತಪ್ಪಾಗಿದ್ದು ಅಲ್ಲೇ.

“ಒತ್ತಿದ್ರೆ ಸಾಕಾ?” ಟೀಚರ್ ಕಣ್ಣರಳಿಸಿದರು. “ಅಯ್ಯೋ, ಮೊದಲೇ ಹೇಳಬಾರದಾ!”

ವಾರದಿಂದ ಕಟ್ಟಡದವರೆಲ್ಲ ‘ನಮ್ಮಿಂದ ಏನಾದರೂ ಸಹಾಯ?’ ಎಂದು ಕೇಳುತ್ತಲೇ ಇದ್ದರು. ಈಗ ಖರ್ಚಿಲ್ಲದ, ಕೂತಲ್ಲೇ ಮಾಡಬಹುದಾದ ಸಹಾಯವೊಂದು ಸಿಕ್ಕಿತ್ತು. ಕಟ್ಟಡದ ಸಂಘದ ಕಾರ್ಯದರ್ಶಿ ಹತ್ತು ಗಂಟೆಗೆಲ್ಲ ಮಹಡಿವಾರು ಪಾಳಿ ಹಾಕಿ ಲಿಫ್ಟಿನೊಳಗೆ ಅಂಟಿಸಿದರು. ಒಂದನೇ ಮಹಡಿ ಹತ್ತರಿಂದ ಹನ್ನೊಂದು, ಎರಡನೇ ಮಹಡಿ ಹನ್ನೊಂದರಿಂದ ಹನ್ನೆರಡು. ಕೆಳಗೆ ದಪ್ಪಕ್ಷರದಲ್ಲಿ: ‘ಶ್ರದ್ಧೆಯಿಂದ ಒತ್ತಿರಿ.’

ಅಷ್ಟರಲ್ಲಿ ಪೈಪಣ್ಣ ಬಂದ. ಎದುರು ಬೀದಿಯಲ್ಲಿ ಅವನದು ನಲ್ಲಿ ರಿಪೇರಿಯ ಸಣ್ಣ ಅಂಗಡಿ. ಕುರ್ಚಿಯ ತುದಿಯಲ್ಲಿ ಕೂತ, ಟೀ ಕುಡಿದ, ಮನೆಯ ಮೂಲೆಮೂಲೆಗೂ ಕಣ್ಣಾಡಿಸಿದ, ನಿಟ್ಟುಸಿರು ಬಿಟ್ಟ.

“ಏನಣ್ಣಾ?”

“ಏನಿಲ್ಲಮ್ಮ,” ಎಂದು ಎದ್ದುಹೋದ.

ಪ್ಲಂಬರ್ ಬೇಡ ಎಂದವನಿಗಾಗಿ ಒಬ್ಬ ಪ್ಲಂಬರ್ ಇಷ್ಟು ಮರುಗುವುದು ಕಂಡು ಅವಳಿಗೆ ಸೋಜಿಗವಾಯಿತು.

ಹನ್ನೆರಡಕ್ಕೆ ಖಾತೆ ನೋಡಿದಳು. ನೂರಾ ಮೂವತ್ತೊಂದು! ಅತ್ತೆಯನ್ನು ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಕಂಪನಿಯ ಇನ್ನೊಂದು ಪತ್ರ ಬಂತು. ‘ನಿಮ್ಮ ಖಾತೆಯಲ್ಲಿ ಅಸಹಜ ಒತ್ತುವಿಕೆ ಕಂಡುಬಂದಿದೆ. ಎಲ್ಲವೂ ಒಂದೇ ಸಂಪರ್ಕದಿಂದ ಬರುತ್ತಿವೆ. ನಿಮ್ಮವರೇ ಒತ್ತುತ್ತಿದ್ದರೆ ಖಾತೆ ರದ್ದಾಗುತ್ತದೆ.’

ಖರ್ಚು ಉಳಿಸಲು ಕಾರ್ಯದರ್ಶಿಯೇ ಇಡೀ ಕಟ್ಟಡಕ್ಕೆ ಒಂದು ಇಂಟರ್‌ನೆಟ್ ಸಂಪರ್ಕ ಹಾಕಿಸಿದ್ದರು. ಕಂಪನಿಯ ಕಣ್ಣಿಗೆ ಇಪ್ಪತ್ತನಾಲ್ಕು ಸಂಸಾರಗಳು ಸೇರಿ ಹುಚ್ಚುಹಿಡಿದ ಒಬ್ಬಳೇ ಹೆಂಗಸಾಗಿ ಕಂಡಿದ್ದವು. ಮೊದಲನೇ ನಿಯಮದ ಕಾರಣ ಅವಳಿಗೆ ಈಗ ತಿಳಿಯಿತು.

ಮೆಟ್ಟಿಲು ಹತ್ತಿ ಓಡಿದಳು.

“ಟೀಚರ್, ದಯವಿಟ್ಟು ನಿಲ್ಲಿಸಿ. ಒತ್ತಬೇಡಿ!”

“ನೋಡಿ, ನೋಡಿ, ಎಷ್ಟು ಸಂಕೋಚ ಈ ಹುಡುಗಿಗೆ!” ಟೀಚರ್ ಅವಳ ಗಲ್ಲ ಸವರಿದರು. ಇನ್ನೊಂದು ಕೈಯ ಬೆರಳು ಮೊಬೈಲಿನ ಮೇಲೆ ಮರಕುಟಿಗನಂತೆ ಕುಟ್ಟುತ್ತಲೇ ಇತ್ತು. “ನಮ್ಮ ಹತ್ರ ಎಂಥ ಮುಲಾಜು?”

“ಮುಲಾಜಲ್ಲ ಟೀಚರ್, ಇದ್ರಿಂದ ತೊಂದ್ರೆ ಆಗುತ್ತೆ...”

“ನಮಗೇನೂ ತೊಂದ್ರೆ ಇಲ್ಲಮ್ಮ. ಹೋಗಿ ಮಲ್ಕೊ.”

ಕೆಳಗಿಳಿದು ಕಾರ್ಯದರ್ಶಿಯ ಬಾಗಿಲು ಬಡಿದಳು. ಅವರು ಕೈ ಎತ್ತಿ ತಡೆದರು. “ಸಂಘದ ತೀರ್ಮಾನ ಆಗಿಹೋಗಿದೆ. ನೀನು ಬೇಡ ಅಂತೀಯ ಅಂತ ನನಗೆ ಮೊದಲೇ ಗೊತ್ತಿತ್ತು. ನಿನ್ನ ಸಂಸ್ಕಾರ ಅಂಥದ್ದು.” ಅವಳು ಅಂಗಲಾಚಿದ ಹಾಗೆಲ್ಲ ಅವರ ಕಣ್ಣು ತೇವವಾಯಿತು. ಊಟದ ಹೊತ್ತಿನಲ್ಲೂ ಪಾಳಿ ಮುಂದುವರಿಯಲಿ ಎಂದು ಹೊಸ ಚೀಟಿ ಬರೆದರು.

ಗಂಡ ಸತ್ತವಳು ಏನು ಬೇಕೆಂದರೂ ಕೊಡುತ್ತಾರೆ, ಬೇಡ ಎಂದರೆ ಮಾತ್ರ ಯಾರೂ ನಂಬುವುದಿಲ್ಲ ಎಂಬುದು ಅವಳಿಗೆ ಅಂದು ಗೊತ್ತಾಯಿತು. ಲಿಫ್ಟಿನ ಚೀಟಿಯನ್ನು ಕಿತ್ತಳು. ‘ದುಃಖದಲ್ಲಿ ಏನು ಮಾಡ್ತಿದಾಳೆ ಅಂತ ಅವಳಿಗೇ ತಿಳೀತಿಲ್ಲ’ ಎಂದು ಯಾರೋ ಅದನ್ನು ಪುನಃ ಅಂಟಿಸಿದರು.

ಮಧ್ಯಾಹ್ನ ಪೈಪಣ್ಣ ಮತ್ತೆ ಬಂದ. ಕೂತ, ಟೀ ಕುಡಿದ, ಅಡುಗೆಮನೆಯ ಕಡೆ ಕತ್ತು ಚಾಚಿದ, ‘ಏನಿಲ್ಲಮ್ಮ’ ಎಂದು ಹೋದ.

ನಾಲ್ಕಕ್ಕೆ ಕೊನೆಯ ಪತ್ರ ಬಂತು. ‘ನಿಮ್ಮ ಖಾತೆಯನ್ನು ರದ್ದುಪಡಿಸಲಾಗಿದೆ. ಅದರಲ್ಲಿರುವ ಪೂರ್ತಿ ಹಣವನ್ನು ಜಾಹೀರಾತುದಾರರಿಗೆ ಹಿಂತಿರುಗಿಸಲಾಗುವುದು.’ ಖಾತೆಯಲ್ಲಿ ಈಗ ಒಂದು ದುಂಡನೆಯ ಸೊನ್ನೆ ಇತ್ತು.

ಸಂಜೆ ಐದಕ್ಕೆ ಟೀಚರ್, ಕಾರ್ಯದರ್ಶಿ ಇಬ್ಬರೂ ಗೆದ್ದುಬಂದವರ ಹಾಗೆ ಒಳಗೆ ಬಂದು ಕೂತರು. ಅವರ ಹಿಂದೆಯೇ ಮೂರನೇ ಸಲ ಪೈಪಣ್ಣ. ಈ ಸಲ ಅವನ ಮುಖ ಬಿಳಿಚಿಕೊಂಡಿತ್ತು.

“ನನಗೆ ಯಾರೋ ಮಾಟ ಮಾಡ್ಸಿದಾರೆ ಕಣಮ್ಮ. ನಿನ್ನ ಯಜಮಾನನೇ ಹೇಳಿಕೊಟ್ಟು ಮೂರು ತಿಂಗಳ ಹಿಂದೆ ತನ್ನ ಸೈಟಲ್ಲಿ ಬರೋ ಹಾಗೆ ಅಂಗಡಿದು ಒಂದು ಜಾಹೀರಾತು ಹಾಕ್ಸಿದ್ದ. ‘ನೀವೇ ಬಿಚ್ಚಿ ಕೆಡಿಸಬೇಡಿ, ನಮ್ಮನ್ನು ಕರೆಯಿರಿ’ ಅಂತ. ಇವತ್ತು ಒಂದೇ ದಿನ ಆರುನೂರು ಜನ ಒತ್ತಿದಾರೆ! ಒತ್ತಿದಷ್ಟೂ ನನ್ನ ದುಡ್ಡು ಹೋಗುತ್ತೆ, ವರ್ಷಕ್ಕೆ ಅಂತ ಕಟ್ಟಿದ್ದೆಲ್ಲ ಖಾಲಿ. ಒಬ್ಬನಾದ್ರೂ ಫೋನ್ ಮಾಡ್ಬೇಕಲ್ವಾ?”

ಟೀಚರ್ ತಮ್ಮ ಮೊಬೈಲನ್ನು ಮೆಲ್ಲಗೆ ಕೈಚೀಲದೊಳಕ್ಕೆ ಸರಿಸಿದರು. ಕಾರ್ಯದರ್ಶಿ ಫ್ಯಾನು ನೋಡತೊಡಗಿದರು.

ಆಗ ಪೈಪಣ್ಣನ ಮೊಬೈಲು ಟಿಣ್ ಎಂದಿತು. ಅವನು ದೂರ ಹಿಡಿದು ಓದಿದ. “ಅರೆ! ದುಡ್ಡು ವಾಪಸ್ ಬಂತು! ಇವತ್ತು ಹೋಗಿದ್ದಷ್ಟೇ ಅಲ್ಲ, ಮೂರು ತಿಂಗಳಿಂದ ಹೋಗಿದ್ದೂ ಬಂದಿದೆ!”

ಅವಳು ಅತ್ತೆಯ ಕಡೆ ನೋಡಲಿಲ್ಲ. “ಒಳ್ಳೇದಾಯ್ತಣ್ಣ,” ಎಂದಳು. “ಬೆಳಗ್ಗೆಯಿಂದ ಮೂರು ಸಲ ಬಂದಿರಿ. ಅವರನ್ನ ಅಷ್ಟು ಹಚ್ಚಿಕೊಂಡಿದ್ರಿ ಅಂತ ನನಗೆ ಗೊತ್ತಿರಲಿಲ್ಲ.”

ಪೈಪಣ್ಣ ಕತ್ತು ಕೆರೆದುಕೊಂಡ. “ಅದು... ಪೈಪ್ ಹಿಡಿದು ತಿರುಗಿಸೋ ನನ್ನ ದೊಡ್ಡ ಪಾನಾ ಕಣಮ್ಮ. ಒಂದು ಗಂಟೆಗೆ ಅಂತ ತಗೊಂಡುಹೋದ. ಎರಡು ತಿಂಗಳಾಯ್ತು. ಅದಿಲ್ಲದೆ ಒಂದು ಕೆಲಸ ಒಪ್ಪಿಕೊಳ್ಳೋ ಹಾಗಿಲ್ಲ. ಸಾವಿನ ಮನೇಲಿ ಹೇಗೆ ಕೇಳೋದು ಅಂತ ಬರೀ ಟೀ ಕುಡಿದು ಹೋಗ್ತಿದ್ದೆ.”

ಅವಳು ಎದ್ದುಹೋಗಿ ಸಿಂಕಿನ ಕೆಳಗಿನ ಬಾಗಿಲು ತೆಗೆದಳು.

ಪಾನಾ ಅಲ್ಲೇ ಇತ್ತು. ಒಡೆದ ಪೈಪನ್ನು ಮೊಸಳೆಯಂತೆ ಕಚ್ಚಿ ಹಿಡಿದಿತ್ತು. ಸುತ್ತಲೂ ಅವನ ಹಳೆಯ ಬನಿಯನ್ನಿನ ಬಟ್ಟೆ, ಅದರ ಮೇಲೆ ತಂತಿ. ‘ಹತ್ತೇ ನಿಮಿಷದಲ್ಲಿ ಸೋರಿಕೆಗೆ ಶಾಶ್ವತ ಪರಿಹಾರ’: ಸೈಟಿನಲ್ಲಿ ಹನ್ನೊಂದು ಸಾವಿರ ಜನ ನೋಡಿದ ವಿಡಿಯೊ ಅದು. ಪಾನಾ ವಾಪಸ್ ತೆಗೆಯುವುದು ಹೇಗೆಂದು ಅದರಲ್ಲಿ ಹೇಳಿರಲಿಲ್ಲ.

“ತಡಿಯಮ್ಮ, ಮೊದಲು ಮೇನ್ ವಾಲ್ವು...” ಪೈಪಣ್ಣ ಕೂಗುವಷ್ಟರಲ್ಲಿ ಅವಳು ತಂತಿ ಬಿಚ್ಚಿ ಹಿಡಿಕೆಯನ್ನು ಸಡಿಲಿಸಿಬಿಟ್ಟಿದ್ದಳು. ನೀರು ನೇರವಾಗಿ ಮುಖಕ್ಕೆ ಚಿಮ್ಮಿತು.

ಪೈಪಣ್ಣ ಓಡಿಹೋಗಿ ಇಡೀ ಮನೆಯ ನೀರು ನಿಲ್ಲಿಸಿದ. ಅವಳು ನೆಲದ ಮೇಲೇ ಕೂತಿದ್ದಳು. ಕಣ್ಣು, ಕೆನ್ನೆ, ಗಲ್ಲ, ಎಲ್ಲ ತೊಟ್ಟಿಕ್ಕುತ್ತಿತ್ತು. ವಾಲ್ವು ಮುಚ್ಚಿದ ಮೇಲೂ ತೊಟ್ಟಿಕ್ಕುತ್ತಲೇ ಇತ್ತು.

“ಅಂತೂ ಅತ್ತಳು,” ಎಂದರು ಬಾಗಿಲಲ್ಲಿ ನಿಂತ ಅತ್ತೆ, ಟೀಚರ ಕಿವಿಯಲ್ಲಿ.

“ಪೈಪು ಬದಲಾಯಿಸ್ಬೇಕು,” ಎಂದ ಪೈಪಣ್ಣ, ಬಗ್ಗಿ ನೋಡಿ. “ನಾಳೆ ಬರ್ತೀನಿ.”

ಅವಳು ಪಾನಾವನ್ನು ಸೆರಗಿನಿಂದ ಒರೆಸಿ, ಅದಕ್ಕೆ ಅಂಟಿಕೊಂಡಿದ್ದ ಬನಿಯನ್ ಚೂರನ್ನು ಬಿಡಿಸಿ ತಾನಿಟ್ಟುಕೊಂಡು, ಎರಡೂ ಕೈಯಿಂದ ಅವನಿಗೆ ವಾಪಸ್ ಕೊಟ್ಟಳು.