ಅಣ್ಣನ ಕಾಂಟೆಸ್ಸಾ, ನನ್ನ ಕಾಳುಮೆಣಸು

ಅಣ್ಣ ನನಗೆ ಒಪ್ಪಿಸಿದ್ದು ಒಂದೇ ಕೆಲಸ: ಏನೂ ಮಾಡದೆ ಇರುವುದು. ಅದೂ ನನ್ನಿಂದ ಆಗಲಿಲ್ಲ.

ಮೂಡಿಗೆರೆಯಲ್ಲಿ ಅಂಗಡಿ ಇಟ್ಟಿರುವ ಅಣ್ಣ ಉದ್ದ ಮೂತಿಯ ಹಳೆಯ ಕಾಂಟೆಸ್ಸಾ ಕಾರು ಕೊಂಡಾಗ ನೆಂಟರೆಲ್ಲ ನಕ್ಕಿದ್ದರು. ಅವನ ಮನೆಯಲ್ಲಿ ಜಾಗವಿಲ್ಲವೆಂದು ಸಂಸೆಯ ನಮ್ಮ ಶೆಡ್ಡಿಗೆ ತಂದು ನಿಲ್ಲಿಸಿದ.

"ಇದು ಓಡ್ಸೋ ಕಾರಲ್ಲ ಕಣೇ, ಆಸ್ತಿ. ಇಟ್ಟಷ್ಟೂ ಬೆಲೆ ಏರುತ್ತೆ. ಮಾರಿ, ನಕ್ಕವರ ಬಾಯಿ ಮುಚ್ಚಿಸ್ತೀನಿ. ಕೀ ನಿನ್ ಹತ್ರ ಇರ್ಲಿ, ಬಾಗಿಲು ಮಾತ್ರ ತೆಗೀಬೇಡ."

ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೂ ಇಷ್ಟು ಅರ್ಥವಾಯಿತು. ತಪ್ಪದೆ ಒರೆಸಿದೆ. ಊರಿಗೆಲ್ಲ ತೋರಿಸಿದೆ. ಇಂಥ ಕಾರು ಕಳಸದಲ್ಲೂ ಇಲ್ಲ!

ಕೊಯ್ದ ಮೆಣಸು ಕಣದಲ್ಲಿದ್ದಾಗ ದಿನಾ ಮಧ್ಯಾಹ್ನ ಮಳೆ ಶುರುವಾಯಿತು. ಅರೆ ಒಣಗಿದ ಕಾಳಿಗೆ ಬೂಷ್ಟು ಹಿಡಿದರೆ ಮುಗಿಯಿತು ಕಥೆ. ಗಾಜು ಏರಿಸಿದ ಕಾರು ಬೆಳಗಿನ ಬಿಸಿಲಿಗೇ ಒಲೆಯಂತೆ ಕಾಯುತ್ತದೆ ಎಂದು ಹೊಳೆದದ್ದು ಆಗಲೇ. ಗಂಡನ ಕೈಲಿ ಅಂಗಳಕ್ಕೆ ತಳ್ಳಿಸಿ, ಸೀಟಿನ ಮೇಲೆ ಪಂಚೆ ಹಾಸಿ ಮೆಣಸು ಹರವಿದೆ. ಡ್ಯಾಶ್‌ಬೋರ್ಡನ್ನೂ ಬಿಡಲಿಲ್ಲ. ಆಹಾ, ಏನು ಒಣಗಿತು!

ಪಕ್ಕದ ಮನೆಯ ಸರೋಜಕ್ಕ ಬುಟ್ಟಿ ಹಿಡಿದು ಬಂದರು. "ನಮ್ದೂ ಸ್ವಲ್ಪ ಹಿಂದಿನ ಸೀಟಲ್ಲಿ ಕೂರ್ಸೇ ಮಾರಾಯ್ತಿ."

ಆಸ್ತಿವಂತೆಯಾದ ನಾನು ಇಲ್ಲ ಎನ್ನುವುದುಂಟೇ?

ಬಿಸಿಲು ಸರಿದಂತೆ ಕಾರನ್ನೂ ಸರಿಸಬೇಕು. ಗಂಡನ ಸೊಂಟ ಹಿಡಿಯಿತು.

"ನನ್ ಕೈಲಿ ಇನ್ನು ತಳ್ಳಕ್ಕಾಗಲ್ಲ. ಸ್ಟಾರ್ಟ್ ಮಾಡು!"

ಜೀಪು ಓಡಿಸಿ ಪಳಗಿದ ಕೈ. ಮಾಡಿದೆ. ಇಂಜಿನ್ನಿನ ಆ ಗುಡುಗು ಕೇಳಿದ ಮೇಲೆ ಅಂಗಳ ಸಾಲಲಿಲ್ಲ. ಒಣಗಿದ ಮೆಣಸನ್ನು ಅದರಲ್ಲೇ ಕಳಸದ ಪೇಟೆಗೆ ಒಯ್ದೆ. ಏರಿನಲ್ಲಿ ಎರಡು ಜೀಪುಗಳನ್ನು ಹಿಂದೆ ಹಾಕಿದೆ!

ಮರುದಿನವೇ ಅಣ್ಣ ಕೊಳ್ಳುವವರನ್ನು ಕರೆತಂದ. ಬಿಳಿ ಅಂಗಿಯ ಸಾಹುಕಾರರು ಒಳಗೆ ಕೂತು ಮೂಗರಳಿಸಿದರು.

"ಏನೋ ಘಾಟು ಇದೆಯಲ್ರೀ?"

"ಮುಚ್ಚಿಟ್ಟಿದ್ದಲ್ವಾ ಸಾರ್, ಈಗ ಹೋಗುತ್ತೆ," ಎಂದ ಅಣ್ಣ ಎಸಿ ಹಾಕಿದ.

ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಮೆಣಸಿನ ಪುಡಿ, ಸಿಪ್ಪೆ, ಕಾಳು ಸಮೇತ ಅವರ ಮುಖಕ್ಕೆ ಅಭಿಷೇಕವಾಯಿತು! ಸೀನುತ್ತಲೇ ಇಳಿದರು, ಸೀನುತ್ತಲೇ ಹೋದರು. ಬೆಲೆ ಹೇಳಲು ಅವರಿಗೆ ಬಿಡುವೇ ಸಿಗಲಿಲ್ಲ.

ಅಣ್ಣ ಬಾನೆಟ್ಟಿಗೆ ಒರಗಿ ನಿಂತ. "ಮತ್ತೆ ಎಲ್ಲರೂ ನಗ್ತಾರಲ್ಲೇ," ಎಂದ, ಮೆಲ್ಲಗೆ.

ಬೈದಿದ್ದರೆ ಎದುರು ವಾದಿಸುತ್ತಿದ್ದೆ. ಬೈಯಲಿಲ್ಲ. ಹುಟ್ಟಿದಾಗಿನಿಂದ ಅವನಿಗೆ ಹೇಳದ ಮಾತು ನನ್ನ ಬಾಯಿಂದ ಬಂತು.

"ತಪ್ಪಾಯ್ತು ಅಣ್ಣಯ್ಯ. ನೀನು ನಂಬಿ ಬಿಟ್ಟಿದ್ದೆ, ನಾನು ಕೆಡಿಸ್ದೆ."

ಅಷ್ಟಕ್ಕೆ ನಿಲ್ಲಿಸಬೇಕಿತ್ತು.

"ಆದ್ರೆ ಒಂದ್ ಕಾಳಿಗೂ ಬೂಷ್ಟು ಹಿಡೀಲಿಲ್ಲ ನೋಡು!"