ಅಳತೆ ತಪ್ಪದ ಸ್ಟೇಜು

ಹಾಡುವವರ ಕಾಲಬುಡದಲ್ಲಿ ಅವರಿಗೇ ಮುಖ ಮಾಡಿ ಒಂದು ಸ್ಪೀಕರ್ ಇಡುತ್ತಾರಲ್ಲ, ಅದನ್ನು ಯಾರೋ ತಲೆಗೇಡಿ ಹಿಂದುಮುಂದಾಗಿ ಇಟ್ಟಿದ್ದಾನೆಂದೇ ರಘುವೀರ ತಿಳಿದಿದ್ದ. ತಿಳಿದು ಸುಮ್ಮನಿರುವ ಪೈಕಿಯಲ್ಲ. ತನ್ನ ಮದುವೆಯ ದಿನವೇ ಬಾಸಿಂಗದ ಸಮೇತ ಎದ್ದುಹೋಗಿ ಅದನ್ನು ಜನರ ಕಡೆ ತಿರುಗಿಸಿ ಬಂದಿದ್ದ. ತಮ್ಮ ದನಿ ತಮಗೇ ಕೇಳದೆ ಗಾಯಕರು ಶ್ರುತಿಗೂ ತಮಗೂ ಸಂಬಂಧವಿಲ್ಲದಂತೆ ಹಾಡಿದರು. (ಆ ಆರ್ಕೆಸ್ಟ್ರಾ ಹೆಂಡತಿ ಶ್ರೀವಾಣಿಯ ಅಣ್ಣ ಅಭಯನದು.)

ಇಂಥ ಅನುಭವಸ್ಥನ ಕೈಗೆ ೨೦೦೪ರಲ್ಲಿ ಒಂದು ಸಾಫ್ಟ್‌ವೇರ್ ಸಿಕ್ಕಿತು. ವಾಡಿಯ ಸಿಮೆಂಟ್ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಅವನ ನೌಕರಿ. ಕಂಪ್ಯೂಟರ್ ಮಾಸಿಕದ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿತ್ತು ಈ ದಿವ್ಯಾಸ್ತ್ರ. ಡ್ರಮ್ಮು, ಗಿಟಾರು, ಮೈಕುಗಳ ಚಿತ್ರ ಎಳೆತಂದು ಬಿಟ್ಟರೆ ಸ್ಟೇಜಿನ ನಕ್ಷೆ ಸಿದ್ಧ. ಅದೇ ಹೊತ್ತಿಗೆ ಶಹಾಬಾದಿನ ಸಭಾಂಗಣದಲ್ಲಿ ಅಭಯನ ಕಾರ್ಯಕ್ರಮ. ಶ್ರೀವಾಣಿ ಮದುವೆಯ ನಂತರ ಮೊದಲ ಸಲ ಹಾಡುವವಳಿದ್ದಳು. ಚೆನ್ನಾಗಿ ಹಾಡಿದರೆ ಖಾಯಂ ಗಾಯಕಿ. ಇಲ್ಲವಾದರೆ ಆ ಜಾಗಕ್ಕೆ ಸೇಡಂನ ಪ್ರಮಿತಾ ತಯಾರು.

ರಘುವೀರ ತಯಾರಿಸಿದ ನಕ್ಷೆಯನ್ನು ತಂಡದ ತಬಲಾದ ಅಬ್ದುಲ್ ಸಲಾಂ ಮೂಗಿಗೆ ಹಿಡಿದು ನೋಡಿದ. ರಘುವೀರ ಇಡೀ ತಂಡಕ್ಕೇ ಅಳಿಯ. "ಇದ್ರಾಗ ನಾ ಎಲ್ಲಿದೀನ್ರೀ ಜಮಾಯಿಸಾಬ್?"

"ಈ ಎರಡು ಸಣ್ಣ ಡ್ರಮ್ಮು ಅದಾವಲ್ಲ, ಅದಾ ನೀವು." (ಸಾಫ್ಟ್‌ವೇರಿಗೆ ತಬಲಾದ ಪರಿಚಯವಿರಲಿಲ್ಲ.)

"ವಾಹ್! ನಮ್ಮ ಬೇಗಂ ನೋಡಿದ್ರ ಗುರ್ತಾ ಹಿಡಿಯಂಗಿಲ್ಲ."

"ಇಷ್ಟ್ ದಿನಾ ನಕ್ಷಾ ಇಲ್ದಾ ಹಾಡೀವಿ, ಯಾರೂ ದಾರಿ ತಪ್ಪಿಲ್ಲ" ಎಂದಳು ಶ್ರೀವಾಣಿ.

"ನಿನ್ನ ಮೈಕಿನ ಸುತ್ತ ಮೂರಡಿ ಜಾಗಾ ಬಿಟ್ಟೀನಿ ನೋಡು. ಮಷೀನಿಗೆ ಬಿಡ್ತೀವಲ್ಲ, ಹಂಗ."

"ನಾ ಮಷೀನೇನ್ರಿ?"

ರಘುವೀರ ನಕ್ಷೆಯತ್ತ ತಿರುಗಿದ. ಪ್ರೇಕ್ಷಕರು ಹಾಳೆಯ ಕೆಳತುದಿಗೆ, ಸ್ಟೇಜಿನ ಹಿಂದಿನ ಗೋಡೆ ಮೇಲ್ತುದಿಗೆ. ಏನೋ ಕಡಿಮೆ ಅನ್ನಿಸಿತು. ಕಾರ್ಖಾನೆಯ ನಕ್ಷೆಗಳಲ್ಲಿ ಹಾಳೆಯ ತುದಿಗೆ ಉತ್ತರ ದಿಕ್ಕಿನ ಬಾಣ ಇರಲೇಬೇಕು. ಕೈಗಂಟಿದ ರೂಢಿ, ಇಲ್ಲೂ ಮೇಲ್ಮುಖವಾಗಿ ಒಂದು ಬಾಣ ಬಿಟ್ಟ. ಸಭಾಂಗಣದ ಉತ್ತರ ಯಾವ ಕಡೆಗಿದೆಯೆಂದು ಯಾರನ್ನೂ ಕೇಳಲಿಲ್ಲ. ಸ್ಟೇಜು ಕಟ್ಟುವ ದೇವಿಂದ್ರಪ್ಪನ ಕೈಗೆ ನಕ್ಷೆಯಿಟ್ಟು, "ಒಂದಿಂಚು ಆಚೀಚಿ ಆಗಬಾರ್ದು" ಎಂದು ತಾಕೀತು ಮಾಡಿದ.

ಆಗಲಿಲ್ಲ. ಸಂಜೆ ಆರಕ್ಕೆ ತಂಡ ಒಳಗೆ ಬಂದಾಗ ಸಭಾಂಗಣ ತುಂಬಿತ್ತು. ಸ್ಟೇಜಿನ ಮೇಲೆ ಮೈಕು, ಕೀಬೋರ್ಡು, ಕುರ್ಚಿಗಳೆಲ್ಲ ಜನರಿಗೆ ಬೆನ್ನು ಹಾಕಿ, ಹಿಂದಿನ ಗೋಡೆಯ ದರ್ಶನ ಪಡೆಯುತ್ತಿದ್ದವು.

"ಯಾರರೆ ಗ್ವಾಡಿಗೆ ಹಾಡ್ತಾರೇನೋ!" ರಘುವೀರ ಚೀರಿದ.

"ನನಗೂ ಹಂಗಾ ಅನಿಸ್ತ್ರಿ ಸಾಹೇಬ್ರ" ಎಂದ ದೇವಿಂದ್ರಪ್ಪ. ಕಾರ್ಖಾನೆಯ ಶೆಡ್ಡುಗಳನ್ನೂ ಅವನೇ ಕಟ್ಟುತ್ತಿದ್ದ. "ಆದ್ರ ಬಾಣ ನೋಡ್ರಿ. ಇಲ್ಲಿ ಉತ್ತರಕ್ಕ ಜನ ಕುಂದರ್ತಾರ, ನೀವು ಉತ್ತರಕ್ಕ ಗ್ವಾಡಿ ತೋರ್ಸೀರಿ. ಹೋದ ವರ್ಷ ಶೆಡ್ ಸ್ವಲ್ಪ ವಾರಿ ಆಗಿದ್ದಕ್ಕ ನೀವಾ ಬೈದಿದ್ರಿ. ಅದಕ್ಕಾ ಈ ಸಲ ಒಂದೂ ಅಲ್ಲಾಡಬಾರ್ದಂತ ಎಲ್ಲಾಕ್ಕೂ ಮೊಳಿ ಹೊಡದೀನಿ."

ಮೊಳೆ ಕೀಳಲು ಅರ್ಧ ತಾಸು ಬೇಕು. ಜನ ಸೀಟಿ ಹೊಡೆಯತೊಡಗಿದರು. ಅಭಯ ತಲೆ ಹಿಡಿದುಕೊಂಡ. ಶ್ರೀವಾಣಿ ಮಾತ್ರ ಒಂದು ಮೈಕು ಕಿತ್ತುಕೊಂಡು ಸ್ಟೇಜಿನ ಅಂಚಿಗೆ ಬಂದು ಚಕ್ಕಳಮಕ್ಕಳ ಹಾಕಿ ಕುಳಿತಳು. ಸಲಾಂ ತಬಲಾ ಹೊತ್ತು ಪಕ್ಕಕ್ಕೆ ಬಂದ. ನಡುವೆ ಮೂರಡಿಯಲ್ಲ, ಮೂರು ಬೆರಳೂ ಇರಲಿಲ್ಲ. ಮೊದಲ ದಾಸರ ಪದಕ್ಕೆ ಸೀಟಿ ನಿಂತಿತು. ಎರಡನೆಯದಕ್ಕೆ "ಇನ್ನೊಂದು, ಇನ್ನೊಂದು" ಶುರುವಾಯಿತು. ಅಷ್ಟೂ ಹೊತ್ತು ಅವಳ ಬೆನ್ನ ಹಿಂದೆ ಅಳತೆಗಾರ ರಘುವೀರ ಮೊಣಕಾಲೂರಿ, ತಾಳಕ್ಕೆ ಸರಿಯಾಗಿ ಮೊಳೆ ಕೀಳುತ್ತಿದ್ದ.

ಅಭಯ ಅಲ್ಲೇ ತಂಗಿಯನ್ನು ಖಾಯಂ ಮಾಡಿದ. ವಾಡಿಗೆ ಮರಳುವ ಬಸ್ಸಿನಲ್ಲಿ ರಘುವೀರ ಮೂರು ಸಲ ಕೆಮ್ಮಿ, ಕೊನೆಗೂ ಕೇಳಿದ: "ಮುಂದಿನ ಪ್ರೋಗ್ರಾಮಿನ ನಕ್ಷಾದಾಗ ನಾ ಎಲ್ಲಿ ನಿಂದ್ರಲಿ?"

"ಮನ್ಯಾಗ" ಎಂದಳು ಶ್ರೀವಾಣಿ. "ಬಾಗಲಾ ಹಾಕ್ಕೊಂಡು."