ನಾದಿನಿಯ ಹಸಿರು ಡಬ್ಬ, ನಮ್ಮ ಹಿತ್ತಲ ನುಗ್ಗೆ

ಕಾಯಿಲೆ ಬರುವುದು ಒಬ್ಬರಿಗೇ ಆದರೂ, ನಮ್ಮ ಮನೆಯಲ್ಲಿ ಪಥ್ಯದ ಫಜೀತಿ ಮಾತ್ರ ಎಲ್ಲರಿಗೂ ಹಂಚಿಕೆಯಾಗುತ್ತದೆ. ನಾನು ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಪ್ರಾಕ್ಟಿಕಲ್ ರೆಕಾರ್ಡು ಬರೆದು ಪಳಗಿದ ಕೈ ಮದುವೆಯಾದ ಮೇಲೂ ಸುಮ್ಮನಿರಲಿಲ್ಲ. ಉಪ್ಪಿನಕಾಯಿ ಹಾಕಿದ ದಿನ, ಯಾರಿಗೆ ಎಷ್ಟು ಜ್ವರ ಬಂತು, ಯಾವ ಅಂಗಡಿಯ ಬೇಳೆ ಬೇಯಲಿಲ್ಲ, ಎಲ್ಲವನ್ನೂ ಬರೆದಿಡುತ್ತೇನೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಉಪ್ಪು ಖಾರ ಸೇರಿಸಿದ್ದಾಳೆ ಎಂದು ನಮ್ಮ ಯಜಮಾನರು ನಿಮ್ಮ ಕಿವಿಯಲ್ಲಿ ಹೇಳಿದರೆ ನಂಬಬೇಡಿ.

ಸ್ಕೂಟರಿನ ಬೀಗದಕೈ

ಇಸವಿ ಎರಡು ಸಾವಿರ ದಾಟಿದ ಹೊಸತು. ನಾವು ತಮಿಳು ಸೀಮೆಯ ಕ್ರೋಂಪೇಟೆಯಲ್ಲಿದ್ದೆವು. ಯಜಮಾನರು ಆಗ ತಾನೇ ಬ್ಯಾಂಕಿನಿಂದ ನಿವೃತ್ತರಾಗಿದ್ದರು. ಅವರಿಗೆ ಲೋಕದಲ್ಲಿ ಇದ್ದದ್ದು ಎರಡೇ ಪ್ರೀತಿ. ಒಂದು, ಅವರ ಹಳೆಯ ಸ್ಕೂಟರು. ಇನ್ನೊಂದು ನಾನಿರಬೇಕು, ಸರಿಯಾಗಿ ವಿಚಾರಿಸಿಲ್ಲ.

ಈ ಕಡೆಯವರು ಕತ್ತರಿ ಎನ್ನುವ ಮೇ ತಿಂಗಳ ಉರಿಬಿಸಿಲಿನಲ್ಲಿ ಕೋಡಂಬಾಕ್ಕಂ ಸೇತುವೆ ಏರುವಾಗ ಇವರಿಗೆ ತಲೆ ಸುತ್ತಿತು. ಪುಣ್ಯಕ್ಕೆ ಗಾಡಿಯನ್ನು ಬದಿಗೆ ಒರಗಿಸಿ ಕುಳಿತುಕೊಂಡರು. ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ, ಬೇರೇನೂ ತೊಂದರೆಯಿಲ್ಲ, ರಕ್ತ ಕಡಿಮೆ, ಹಿಮೋಗ್ಲೋಬಿನ್ ಒಂಬತ್ತಕ್ಕಿಳಿದಿದೆ ಎಂದರು. ಕಬ್ಬಿಣದ ಮಾತ್ರೆ ಬರೆದುಕೊಟ್ಟು, ದಿನಾ ಸೊಪ್ಪು ತಿನ್ನಿಸಿ ಎಂದರು. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಹನ್ನೆರಡು ದಾಟಿದರೆ ಸ್ಕೂಟರು, ಅಲ್ಲಿಯತನಕ ಬೀಗದಕೈ ಹೆಂಡತಿಯ ಹತ್ತಿರ ಇರಲಿ ಎಂದು ತೀರ್ಪು ಕೊಟ್ಟರು. ಇವರು ಬೀಗದಕೈಯನ್ನು ನನ್ನ ಕೈಗಿಟ್ಟಾಗ, ಮಗಳನ್ನು ಧಾರೆಯೆರೆದು ಕೊಡುವವರ ಮುಖವಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಇವರಿಗೆ ಸೊಪ್ಪು ಕಂಡರಾಗದು. ಸಾರಿನ ಕರಿಬೇವನ್ನು ಕೂಡ ಹೆಕ್ಕಿ ತಟ್ಟೆಯಂಚಿನಲ್ಲಿ ಸಾಲಾಗಿ ನಿಲ್ಲಿಸುವವರು.

ಸುದ್ದಿ ತಿಳಿದು ಅದೇ ಸಂಜೆ ಇವರ ತಂಗಿ, ಎಂದರೆ ನನ್ನ ನಾದಿನಿ, ಕೈಯಲ್ಲೊಂದು ಹಸಿರು ಡಬ್ಬ ಹಿಡಿದು ಬಂದಳು. ಒಬ್ಬರು ಮೂವರನ್ನು ಸೇರಿಸುವುದು, ಆ ಮೂವರು ಮತ್ತಷ್ಟು ಜನರನ್ನು ಸೇರಿಸುವುದು, ಹೀಗೆ ಬೆಳೆಯುವ ವ್ಯಾಪಾರವೊಂದಕ್ಕೆ ಅವಳು ಆಗಷ್ಟೇ ಸೇರಿದ್ದಳು. ಡಬ್ಬದೊಳಗೆ ತೊಟ್ಟಿಯ ನೀರಿನಲ್ಲಿ ಬೆಳೆಸಿದ ಪಾಚಿಯ ಪುಡಿ. ಒಂದು ಚಮಚ ಒಂದು ಬುಟ್ಟಿ ಸೊಪ್ಪಿಗೆ ಸಮ ಎಂದಳು. ಬೆಲೆ ಕೇಳಿದೆ. ಆ ಹಣಕ್ಕೆ ನಮ್ಮ ಬೀದಿಯ ಕೀರೆಕಾರಮ್ಮ ತಿಂಗಳಿಡೀ ಸೊಪ್ಪು ಕೊಟ್ಟು, ಮೇಲೆ ಕೊತ್ತಂಬರಿ ಬಿಟ್ಟಿ ಹಾಕುತ್ತಿದ್ದಳು.

"ಹಿತ್ತಲಲ್ಲಿ ನುಗ್ಗೆಮರ ಇಟ್ಕೊಂಡು ಪಾಚಿಗೆ ದುಡ್ಡು ಕೊಡೋಷ್ಟು ದಡ್ಡಿ ಅಲ್ಲ ನಾನು" ಎಂದೆ.

"ಸರಿ ಅತ್ತಿಗೆ. ನಿಮ್ಮ ಸೊಪ್ಪಿನಲ್ಲಿ ಅಣ್ಣನಿಗೆ ಹನ್ನೆರಡು ದಾಟಿದ್ರೆ ನಾನು ಬಾಯಿ ಮುಚ್ಕೋತೀನಿ. ದಾಟದಿದ್ರೆ ನೀವು ನನ್ನ ಕೆಳಗೆ ಮೆಂಬರಾಗಿ ಡಬ್ಬ ಮಾರಬೇಕು."

ಫಸ್ಟ್ ಕ್ಲಾಸ್ ಪದವೀಧರೆ ನಾದಿನಿಯ ಕೆಳಗೆ ಮೆಂಬರಾಗುವುದೇ? ಆಗಲಿ ಎಂದೆ. ಮೂಲೆಯಲ್ಲಿ ಕುಳಿತಿದ್ದ ಇವರು ಮೆಲ್ಲಗೆ, ಇದರಲ್ಲಿ ತಾನು ಮಾಡಬೇಕಾದ್ದೇನು ಎಂದು ಕೇಳಿದರು.

"ಬಾಯಿ ತೆಗೀಬೇಕು" ಎಂದೆವು ಇಬ್ಬರೂ ಒಟ್ಟಿಗೆ. ಆ ವರ್ಷ ನಮ್ಮಿಬ್ಬರಿಗೆ ಒಮ್ಮತ ಬಂದ ಒಂದೇ ವಿಷಯ ಅದು.

ಬ್ಯಾಂಕಿನಲ್ಲಿ ಪ್ರಸಾದ

ನುಗ್ಗೆಸೊಪ್ಪನ್ನು ಬಿಸಿಲಿನಲ್ಲಿ ಒಣಗಿಸಿದರೆ ಬಣ್ಣವೂ ಸತ್ವವೂ ಹೋಗುತ್ತದೆ, ನೆರಳಲ್ಲೇ ಒಣಗಬೇಕು. ಓದಿದವಳಿಗೆ ಅಷ್ಟು ಗೊತ್ತಿಲ್ಲವೇ? ಎಲೆ ಬಿಡಿಸಿ, ತೊಳೆದು, ನಡುಮನೆಯಲ್ಲಿ ಹಳೆಯ ಪಂಚೆ ಹಾಸಿ ಹರಡಿದೆ. ಮೊದಲ ದಿನ ಎಲ್ಲ ಸರಿಯಿತ್ತು. ಮರುದಿನ ಎಲೆ ಹಗುರಾಗಿದ್ದು ಮರೆತು ಇವರು ಫ್ಯಾನನ್ನು ಪೂರ್ತಿ ತಿರುಗಿಸಿದರು. ಎಲೆಗಳೆಲ್ಲ ಎದ್ದು ಕುಣಿದವು. ದೇವರ ಪಟದ ಹಿಂದೆ ನುಗ್ಗೆ, ಟೀವಿಯ ಮೇಲೆ ನುಗ್ಗೆ. ಕೆಲಸಕ್ಕೆ ಹೊರಟಿದ್ದ ಮಗಳು ಜಡೆ ಕೊಡವಿಕೊಳ್ಳುತ್ತ, "ಅಮ್ಮಾ, ಇದು ವೀಡಾ ಕಾಡಾ?" ಎಂದು, ಮನೆಯೋ ಕಾಡೋ ಎಂದು, ತಮಿಳಿನಲ್ಲಿ ಗೊಣಗಿಕೊಂಡು ಹೋದಳು.

ಇವರು ಅದೇ ಅವಸ್ಥೆಯಲ್ಲಿ ಪೆನ್ಷನ್ನಿಗಾಗಿ ಬ್ಯಾಂಕಿಗೆ ಹೋದರು. ಹಣೆಯಲ್ಲಿ ನಾಮ, ಭುಜದ ಮೇಲೆ ಮೂರ್ನಾಲ್ಕು ಒಣಗಿದ ಪುಟ್ಟ ಎಲೆ. ಕೌಂಟರಿನಲ್ಲಿದ್ದ ಹೊಸ ಹುಡುಗಿ ಅದನ್ನು ನೋಡಿ, ಪೆರುಮಾಳ್ ಕೋಯಿಲಿನಿಂದ, ಎಂದರೆ ವಿಷ್ಣು ದೇವಸ್ಥಾನದಿಂದ, ಬರುತ್ತಿದ್ದೀರಾ ಸಾರ್ ಎಂದು ಭಕ್ತಿಯಿಂದ ಕೇಳಿದಳು. ಇವರಿಗೆ ಸರಿಯಾಗಿ ಕೇಳಿಸಲಿಲ್ಲ, ತಲೆಯಾಡಿಸಿದರು. ಅವಳು ಎದ್ದು ನಿಂತು ಭುಜದ ಮೇಲಿನ ಎಲೆಯೊಂದನ್ನು ತೆಗೆದು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಪಕ್ಕದ ಕೌಂಟರಿನವನೂ ಕೈ ಚಾಚಿದ. ತುಳಸಿಯಲ್ಲ, ನುಗ್ಗೆ ಎಂದು ಹೇಳುವಷ್ಟರಲ್ಲಿ ಇಬ್ಬರೂ ನುಂಗಿಯಾಗಿತ್ತು. ಅದೂ ಅಲ್ಲದೆ ಆ ದಿನ ಇವರ ಕೆಲಸ ಎಲ್ಲರಿಗಿಂತ ಮೊದಲು ಆಯಿತು.

ಇವರು ಮನೆಗೆ ಬಂದು, ನಾನು ಹಾಸಿದ್ದ ಪಂಚೆಯ ಹತ್ತಿರ ಬಗ್ಗಿ, ಸೊಪ್ಪನ್ನು ಬಹಳ ವಿಶ್ವಾಸದಿಂದ ನೋಡಿದರು.

"ಮುಂದಿನ ತಿಂಗಳು ಸ್ವಲ್ಪ ಜಾಸ್ತಿ ಒಣಗಿಸು. ಮ್ಯಾನೇಜರಿಗೂ ಬೇಕಂತೆ."

ಗೋಧಿಹುಲ್ಲು

ಆಗ ಉದ್ಯಾನದಲ್ಲಿ ವಾಕಿಂಗ್ ಹೋಗುವವರೆಲ್ಲ ಗೋಧಿಹುಲ್ಲಿನ ರಸ ಕುಡಿಯುತ್ತಿದ್ದ ಕಾಲ. ಪುಟ್ಟ ಲೋಟದ ರಸಕ್ಕೆ ಊಟದ ಬೆಲೆ. ಮನೆಯಲ್ಲೇ ಬೆಳೆದರೆ ಒಂದು ಹಿಡಿ ಗೋಧಿ ಸಾಕು. ನುಗ್ಗೆಯ ಜೊತೆಗೆ ಇದೂ ಇರಲಿ ಎಂದು ಹಳೆಯ ಮಣ್ಣಿನ ಕುಡಿಕೆಗಳಲ್ಲಿ ಬಿತ್ತಿ, ಬಿಸಿಲು ತಾಗದಂತೆ ನಡುಮನೆಯ ಕಿಟಕಿಯ ಕೆಳಗೆ ಸಾಲಾಗಿಟ್ಟೆ. ವಾರದಲ್ಲಿ ಹಸಿರು ಹಸಿರಾಗಿ ಎದ್ದು ನಿಂತವು. ನನ್ನ ಕಣ್ಣೇ ತಾಗುವಂತಿತ್ತು.

ಎದುರುಮನೆಯ ಮಾಮಿ ಮೊಸರಿಗೆ ಹೆಪ್ಪು ಕೇಳಲು ಬಂದವರು ಕುಡಿಕೆಗಳನ್ನು ನೋಡಿ ಬಾಗಿಲಲ್ಲೇ ನಿಂತರು. ಮುಖ ಚಿಕ್ಕದಾಯಿತು. ಹೆಪ್ಪು ತೆಗೆದುಕೊಳ್ಳದೆ ಹಾಗೆಯೇ ಹೊರಟುಹೋದರು. ಸಂಜೆ ಮೂಲೆಮನೆಯವರು ನನ್ನನ್ನು ಕಂಡೂ ಕಾಣದಂತೆ ಹೋದರು. ಎರಡು ದಿನ ಬೀದಿಯಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. ತಡೆಯಲಾರದೆ ಮಾಮಿಯ ಮನೆಗೆ ನಾನೇ ಹೋಗಿ, ಏನು ತಪ್ಪಾಯಿತು ಎಂದು ಕೇಳಿದೆ.

ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಪ್ಪತ್ತು ವರ್ಷದ ಸ್ನೇಹ, ಹುಡುಗಿಯ ಮದುವೆ ಗೊತ್ತಾಗಿ ಪಾಲಿಕೆ ಇಡುವ ತನಕ ಬಂದರೂ ನಮಗೆ ಒಂದು ಮಾತು ಹೇಳಬೇಕು ಅನ್ನಿಸಲಿಲ್ಲವಲ್ಲ ಎಂದರು.

ಆಗ ನನಗೆ ಹೊಳೆಯಿತು. ಈ ಕಡೆಯ ಮದುವೆಗಳಲ್ಲಿ ಮಣ್ಣಿನ ಕುಡಿಕೆಯಲ್ಲಿ ಧಾನ್ಯದ ಮೊಳಕೆ ಬರಿಸಿ ಮುತ್ತೈದೆಯರು ನೀರೆರೆಯುತ್ತಾರೆ. ಅದೇ ಪಾಲಿಕೆ. ವಯಸ್ಸಿಗೆ ಬಂದ ಮಗಳಿರುವ ಮನೆಯಲ್ಲಿ ಸಾಲಾಗಿ ಮೊಳಕೆ ಕುಡಿಕೆ ಕಂಡರೆ ಯಾರು ತಾನೇ ಗಂಡಸಿನ ರಕ್ತಹೀನತೆಯ ಬಗ್ಗೆ ಯೋಚಿಸುತ್ತಾರೆ? ನಾನು ಗೋಧಿಹುಲ್ಲಿನ ಕಥೆಯನ್ನೆಲ್ಲ ವಿವರಿಸಿದೆ. ಮಾಮಿ ಪೂರ್ತಿ ಕೇಳಿಸಿಕೊಂಡರು. ಸಮಾಧಾನವಾಯಿತು. ನನ್ನನ್ನು ಹತ್ತಿರ ಕರೆದರು.

"ಇಷ್ಟು ಚೆನ್ನಾಗಿ ಬಂದಿರೋ ಪಾಲಿಕೆ, ಯಾಕೆ ವೇಸ್ಟ್ ಮಾಡ್ತೀರಿ? ನನ್ನ ಅಕ್ಕನ ಮಗ ಒಬ್ಬ ಇದ್ದಾನೆ."

ಮಗಳು ಅಂದೇ ರಾತ್ರಿ ಕುಡಿಕೆಗಳನ್ನೆಲ್ಲ ಬೀದಿಯ ಹಸುವಿಗೆ ಹಾಕಿಬಿಟ್ಟಳು.

ಶಾಕವ್ರತ

ಗೋಧಿ ಹೋಯಿತು, ನುಗ್ಗೆಪುಡಿ ಉಳಿಯಿತು. ಚಟ್ನಿಪುಡಿಯಲ್ಲಿ ಬೆರೆಸಿದೆ, ದೋಸೆಹಿಟ್ಟಿನಲ್ಲಿ ಬೆರೆಸಿದೆ, ಮಜ್ಜಿಗೆಗೂ ಹಾಕಿದೆ. ಇವರು ಸ್ಕೂಟರಿನ ಕಡೆ ನೋಡಿಕೊಂಡು ನುಂಗುತ್ತಿದ್ದರು. ಅಷ್ಟರಲ್ಲಿ ಆಷಾಢದ ಏಕಾದಶಿ ಬಂತು, ಚಾತುರ್ಮಾಸ್ಯ ಶುರುವಾಯಿತು. ನಮ್ಮ ಮಾಧ್ವರ ಮನೆಗಳಲ್ಲಿ ಅದರ ಮೊದಲ ತಿಂಗಳು ಶಾಕವ್ರತ. ತರಕಾರಿ, ಸೊಪ್ಪು ಯಾವುದೂ ಇಲ್ಲ. ಬೇಳೆ, ಮಾವು, ಮೊಸರಿನಲ್ಲಿ ದಿನ ಕಳೆಯಬೇಕು.

ನಾನು ಮೊದಲಿನಿಂದ ಹಿಡಿದವಳು. ಇವರು ಮಾತ್ರ ಮದುವೆಯಾದಂದಿನಿಂದ ಒಂದು ವರ್ಷವೂ ಹಿಡಿದವರಲ್ಲ. ವ್ರತದ ದಿನಗಳಲ್ಲಿ ಸಂಜೆ ಸ್ಟೇಷನ್ನಿನ ಹತ್ತಿರ ನಿಂತು ಈರುಳ್ಳಿ ಬಜ್ಜಿ ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಮನೆಗೆ ಬರುತ್ತಿದ್ದರು. ಆ ವರ್ಷ ಏಕಾದಶಿ ಕಳೆದ ಬೆಳಿಗ್ಗೆ ಸ್ನಾನ ಮಾಡಿ, ನಾಮ ಹಚ್ಚಿ, ಮಡಿಪಂಚೆಯುಟ್ಟು ಅಡಿಗೆಮನೆಯ ಹೊಸ್ತಿಲಲ್ಲಿ ಬಂದು ನಿಂತರು.

"ನೋಡೇ, ಇವತ್ತಿಂದ ನನಗೆ ಸೊಪ್ಪು ಬೇಡ. ವಯಸ್ಸಾಯ್ತು. ಇನ್ನಾದರೂ ಧರ್ಮ ಪಾಲಿಸಬೇಕಲ್ಲ."

ವ್ರತ ಮುರಿಯಿರಿ ಎಂದು ನಾನು ಹೇಳುವುದು ಹೇಗೆ? ಪರೀಕ್ಷೆಗೆ ಉಳಿದದ್ದೇ ಒಂದು ತಿಂಗಳ ಚಿಲ್ಲರೆ. ನಾದಿನಿಗೆ ಅದು ಹೇಗೆ ತಿಳಿಯಿತೋ, ಮಧ್ಯಾಹ್ನಕ್ಕೆ ಡಬ್ಬದೊಂದಿಗೆ ಹಾಜರು. ಇದು ನೆಲದಲ್ಲಿ ಬೆಳೆದದ್ದಲ್ಲ, ಬೇರಿಲ್ಲ, ಎಲೆಯಿಲ್ಲ, ಹಾಗಾಗಿ ಸೊಪ್ಪೇ ಅಲ್ಲ, ವ್ರತಕ್ಕೆ ನಡೆಯುತ್ತದೆ ಎಂಬುದು ಅವಳ ವಾದ. ಸಸ್ಯಶಾಸ್ತ್ರ ಓದಿದವಳಾಗಿ ನಾನು ಅಲ್ಲಗಳೆಯುವಂತಿರಲಿಲ್ಲ. ಕೊನೆಗೆ ಮೂವರೂ ಮಠದ ಆಚಾರ್ಯರ ಹತ್ತಿರ ಹೋದೆವು.

ಆಚಾರ್ಯರು ಡಬ್ಬವನ್ನು ದೂರದಿಂದಲೇ ನೋಡಿದರು. ಏನಿದು ಎಂದರು. ನೀರಿನ ಪಾಚಿ ಎಂದೆ. ನಿಷೇಧವಿದೆಯೇ ಎಂದು ನಾದಿನಿ ಕೇಳಿದಳು.

"ನಿಷೇಧ ಎಲ್ಲೂ ಹೇಳಿಲ್ಲ ತಾಯಿ" ಎಂದರು ಆಚಾರ್ಯರು. "ಪಾಚಿ ತಿನ್ನೋರೂ ಹುಟ್ಟುತ್ತಾರೆ ಅಂತ ಹಿಂದಿನವರಿಗೆ ಹೊಳೆದಿರಲಿಲ್ಲ."

ಆಮೇಲೆ ಅವರು ನನ್ನ ಕಡೆ ತಿರುಗಿ, ಔಷಧವೆಂದು ನುಗ್ಗೆ ಕೊಟ್ಟರೆ ದೋಷವಿಲ್ಲ ಎಂದರು. ಇವರ ಮುಖ ಬಾಡಿತು. ಆಚಾರ್ಯರು ಅದನ್ನು ಗಮನಿಸಿದರು. ಸ್ಟೇಷನ್ನಿನ ಬಜ್ಜಿ ಅಂಗಡಿ ಅವರ ದಾರಿಯಲ್ಲೇ ಇತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

"ಆದರೆ ರಾಯರು ಇಷ್ಟು ಶ್ರದ್ಧೆಯಿಂದ ವ್ರತ ಹಿಡಿದಿದ್ದಾರೆ, ಮುರಿಸೋದ್ಯಾಕೆ?" ಎಂದರು. "ನಮ್ಮ ಸಂಪ್ರದಾಯದಲ್ಲಿ ಶಾಕವ್ರತಕ್ಕೂ ಅಗಸೆಮರದ ಸೊಪ್ಪು ನಡೆಯುತ್ತೆ. ದಿನಾ ಅದನ್ನೇ ಕೊಡಿ."

ಅಗಸೆ ತಿಂದವರಿಗೆ ಗೊತ್ತು. ಅದರ ಕಹಿಯ ಮುಂದೆ ನುಗ್ಗೆ ಪಾಯಸ. ಮಠದ ಮೆಟ್ಟಿಲಿಳಿಯುವಾಗ ಇವರು ನನ್ನನ್ನು ಕೇಳಿದರು, ಹಿಡಿದ ವ್ರತವನ್ನು ಬಿಡುವುದಕ್ಕೆ ಏನಾದರೂ ಪ್ರಾಯಶ್ಚಿತ್ತ ಇದೆಯೇ ಎಂದು.

ಡಾಕ್ಟರಮ್ಮನ ಕೋಣೆಯಲ್ಲಿ

ಇವರು ತಿಂಗಳಿಡೀ ಅಗಸೆ ತಿಂದರು. ಪ್ರತಿ ತುತ್ತಿಗೂ ಆಚಾರ್ಯರನ್ನು ನೆನೆದರು. ಮಾತ್ರೆಯನ್ನು ನಾನೇ ಎದುರು ನಿಂತು ನುಂಗಿಸುತ್ತಿದ್ದೆ. ಆಗಸ್ಟಿನಲ್ಲಿ ರಕ್ತ ಕೊಟ್ಟುಬಂದೆವು. ರಿಪೋರ್ಟು ಬರುವ ದಿನ ನಾದಿನಿಯೂ ಹೊರಟಳು. ನಾನು ಸೋತರೆ ಅಲ್ಲೇ ಸಹಿ ಹಾಕಿಸಿಕೊಳ್ಳಲು ಮೆಂಬರ್‌ಶಿಪ್ ಫಾರಂ ಅವಳ ಚೀಲದಲ್ಲಿತ್ತು. ಡಬ್ಬವೂ ಇತ್ತು. ಡಾಕ್ಟರಮ್ಮನನ್ನೂ ಸೇರಿಸಿಕೊಳ್ಳುವ ಆಲೋಚನೆ ಅವಳದು.

ಕ್ಲಿನಿಕ್ಕು ಎರಡನೇ ಮಹಡಿಯಲ್ಲಿತ್ತು. ಇವರು ಮುಂದೆ ಹತ್ತಿದರು, ನಾನು ಹಿಂದೆ. ನಾದಿನಿ ನಡುವೆ ನಡುವೆ ನಿಂತು, ಕಂಬಿ ಹಿಡಿದುಕೊಂಡು ಬಂದಳು.

ಡಾಕ್ಟರಮ್ಮ ಲಕೋಟೆ ಬಿಚ್ಚಿದರು. ನನ್ನ ಸೆರಗಿನ ಗಂಟಿನಲ್ಲಿ ಬೀಗದಕೈ. ನಾನು ಯೂನಿವರ್ಸಿಟಿ ರಿಸಲ್ಟಿಗೂ ಹಾಗೆ ಕಾದವಳಲ್ಲ.

"ಹನ್ನೆರಡೂವರೆ" ಎಂದರು. "ಬಹಳ ಒಳ್ಳೇದು. ಏನು ಕೊಟ್ರಿ?"

ನಾನು ನುಗ್ಗೆಯಿಂದ ಅಗಸೆಯತನಕ ಒಪ್ಪಿಸಿದೆ. ಅವರು ನಕ್ಕು, ಮಾತ್ರೆಗೂ ಸ್ವಲ್ಪ ಪಾಲು ಕೊಡಿ ಎಂದರು. ಕೊಟ್ಟೆ, ಸ್ವಲ್ಪ. ಇವರು ನನ್ನ ಮುಂದೆ ಅಂಗೈ ಚಾಚಿದರು. ಗಂಟು ಬಿಚ್ಚಿ ಬೀಗದಕೈ ಇಟ್ಟೆ. ಅದನ್ನು ಜೇಬಿಗೆ ಹಾಕಿಕೊಳ್ಳದೆ ಮುಷ್ಟಿಯಲ್ಲೇ ಹಿಡಿದು ಕುಳಿತರು.

ನಾದಿನಿ ಸೋಲೊಪ್ಪುವ ಜಾತಿಯಲ್ಲ. ಡಬ್ಬವನ್ನು ಮೇಜಿನ ಮೇಲಿಟ್ಟು, ಸೊಪ್ಪಿನಲ್ಲೇ ಇಷ್ಟಾದರೆ ಇದರಲ್ಲಿ ಇನ್ನೆಷ್ಟು ಏರುತ್ತಿತ್ತು ಎಂದು ಭಾಷಣ ಆರಂಭಿಸಿದಳು. ಮೆಟ್ಟಿಲಿನ ಏದುಸಿರು ಅವಳಿಗೆ ಇನ್ನೂ ಇಳಿದಿರಲಿಲ್ಲ. ಡಾಕ್ಟರಮ್ಮ ಡಬ್ಬವನ್ನು ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದರು. ಎದ್ದು ಬಂದು ಅವಳ ಕೆಳರೆಪ್ಪೆಯನ್ನು ಬೆರಳಿನಿಂದ ಇಳಿಸಿದರು. ಉಗುರು ಒತ್ತಿ ನೋಡಿದರು. ಪೂರ್ತಿ ಬಿಳಿಚಿಕೊಂಡಿದೆ, ಅಣ್ಣನಿಗೆ ಅಂದು ಇದ್ದುದಕ್ಕಿಂತ ಕಡಿಮೆ ಇರಬೇಕು, ಇವತ್ತೇ ರಕ್ತ ಕೊಟ್ಟುಹೋಗಿ ಎಂದು ಚೀಟಿ ಬರೆಯತೊಡಗಿದರು. ಬರೆಯುತ್ತಾ ತಲೆಯೆತ್ತಿ, ಈ ಪುಡಿಯನ್ನು ಎಷ್ಟು ದಿನದಿಂದ ಕುಡಿಯುತ್ತಿದ್ದೀರಿ ಎಂದು ಕೇಳಿದರು.

ನಾದಿನಿ ನನ್ನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು, ಡಬ್ಬವನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡಳು.

"ನಾನೆಲ್ಲಿ ಕುಡೀಲಿ ಡಾಕ್ಟರ್?" ಎಂದಳು. "ಅಷ್ಟು ದುಬಾರಿದನ್ನ ಮಾರೋದು ಬಿಟ್ಟು ಮನೆಯವರೇ ಕುಡಿಯೋಕಾಗುತ್ತಾ?"